ಧನ ದನವಾಗದಿರಲು ಎಷ್ಟು ಪಿಕ್ಸೆಲ್ ಬೇಕು?

ಹಳೆಯ ಮಾಸಪತ್ರಿಕೆಯೊಂದರ ಸ್ಕ್ಯಾನ್ ಪ್ರತಿಯಲ್ಲಿ ಒಂದು ಕಥೆ ಓದುತ್ತಿದ್ದೆ. ನಾಯಕ ತನ್ನ ದನವನ್ನೆಲ್ಲ ಕಳೆದುಕೊಂಡ ಎಂದಿತ್ತು. ಎತ್ತು, ಹಸು ಮಾರಿ ಸಾಲ ತೀರಿಸಿದ ರೈತನ ಕಥೆ ಇರಬೇಕೆಂದು ಮುಂದೆ ಓದಿದೆ. ಎರಡು ಪುಟ ಕಳೆದ ಮೇಲೆ ಗೊತ್ತಾಯಿತು, ಅವನು ಪೇಟೆಯ ವ್ಯಾಪಾರಿ. ಕಳೆದದ್ದು ಧನ. ‘ಧ’ದ ಅಡಿಯಲ್ಲಿರುವ ಆ ಪುಟ್ಟ ಗೀರು ಸ್ಕ್ಯಾನ್ ಆಗುವಾಗ ಕಾಣೆಯಾಗಿತ್ತು. ಅದೇ ಪುಟದಲ್ಲಿ ಭಾರ ಬಾರವಾಗಿತ್ತು, ಪಾಠದೊಳಗಿನ ಚುಕ್ಕೆ ಅಳಿಸಿಹೋಗಿ ಪಾರವಾಗಿತ್ತು.

ಕನ್ನಡದಲ್ಲಿ ಅರ್ಥವನ್ನು ಹೊತ್ತಿರುವ ಗುರುತುಗಳು ಬಹಳ ಚಿಕ್ಕವು. ಒಂದು ಗೀರು, ಒಂದು ಚುಕ್ಕೆ, ‘ಪ’ದ ಹೊಟ್ಟೆ ಸೀಳಿ ‘ಷ’ ಮಾಡುವ ಒಂದು ಎಳೆ. ಅವು ಉಳಿಯಬೇಕಾದರೆ ಚಿತ್ರ ಎಷ್ಟು ಸ್ಪಷ್ಟವಾಗಿರಬೇಕು? ‘ಹೆಚ್ಚು ಪಿಕ್ಸೆಲ್ ಇದ್ದರಾಯಿತು’ ಎಂಬುದು ಎಲ್ಲರೂ ಕೊಡುವ ಉತ್ತರ. ಅದು ಅರ್ಧ ಉತ್ತರ. ಸರಿಯಾದ ಉತ್ತರಕ್ಕೆ ಸ್ಪೇಷಿಯಲ್ ಫ್ರೀಕ್ವೆನ್ಸಿ ಎಂಬ ಅಳತೆ ಬೇಕು. ಇಮೇಜ್ ಪ್ರೊಸೆಸಿಂಗ್ ಕಲಿಯುವವರು ಮೊದಲ ತಿಂಗಳಲ್ಲೇ ಇದರ ಸೂತ್ರ ಕಲಿಯುತ್ತಾರೆ. ಆದರೆ ಇದರ ಏಕಮಾನಗಳಲ್ಲಿ ವರ್ಷಗಟ್ಟಲೆ ಎಡವುತ್ತಾರೆ. ನಾನೂ ಎಡವಿದ್ದೇನೆ. ಆದ್ದರಿಂದ ಇಲ್ಲಿ ಏಕಮಾನಗಳಿಗೇ ಹೆಚ್ಚು ಜಾಗ ಕೊಡುತ್ತೇನೆ.

ಜಾಗದಲ್ಲಿ ಎಣಿಸುವ ಆವರ್ತ

ತಾಳ ಹಾಕುವವರಿಗೆ ‘ಆವರ್ತ’ ಎಂಬ ಮಾತು ಗೊತ್ತು. ಆದಿತಾಳದ ಎಂಟು ಅಕ್ಷರ ಮುಗಿದು ಮತ್ತೆ ಮೊದಲಿಗೆ ಬಂದರೆ ಒಂದು ಆವರ್ತ. ಒಂದು ನಿಮಿಷದಲ್ಲಿ ಇಂಥ ಎಷ್ಟು ಆವರ್ತ ಬಂದವು ಎಂದು ಎಣಿಸಿದರೆ ಅದು ಕಾಲದ ಫ್ರೀಕ್ವೆನ್ಸಿ. ಈಗ ಕಾಲವನ್ನು ಬಿಟ್ಟು ಜಾಗವನ್ನು ಹಿಡಿಯೋಣ. ಪಟ್ಟೆ ಪಟ್ಟೆಯ ಬಟ್ಟೆಯ ಮೇಲೆ ಅಡ್ಡಲಾಗಿ ಬೆರಳು ಸರಿಸಿ: ಕಪ್ಪು ಪಟ್ಟೆ, ಬಿಳಿ ಪಟ್ಟೆ, ಮತ್ತೆ ಕಪ್ಪು. ಒಂದು ಕಪ್ಪು, ಒಂದು ಬಿಳಿ ಸೇರಿ ಒಂದು ಆವರ್ತ. ಒಂದು ಮಿಲಿಮೀಟರಿನಲ್ಲಿ ಎಷ್ಟು ಆವರ್ತ ಹಿಡಿಯುತ್ತವೆ ಎಂಬ ಸಂಖ್ಯೆಯೇ ಸ್ಪೇಷಿಯಲ್ ಫ್ರೀಕ್ವೆನ್ಸಿ. ಪಟ್ಟೆ ಸಣ್ಣದಾದಷ್ಟೂ ಫ್ರೀಕ್ವೆನ್ಸಿ ಹೆಚ್ಚು.

ಪಟ್ಟೆಯೇ ಇಲ್ಲದ ಚಿತ್ರದಲ್ಲಿ ಫ್ರೀಕ್ವೆನ್ಸಿ ಎಲ್ಲಿಂದ ಬಂತು ಎಂದು ಕೇಳಬಹುದು. ಫ್ರಾನ್ಸಿನ ಜೋಸೆಫ್ ಫೂರಿಯೆ ಶಾಖ ಹರಿಯುವ ಬಗೆಯನ್ನು ಕುರಿತ ತನ್ನ ಗ್ರಂಥವನ್ನು 1822ರಲ್ಲಿ ಪ್ರಕಟಿಸಿದ. ಎಂಥ ಅಂಕುಡೊಂಕಿನ ಏರಿಳಿತವನ್ನೂ ನಯವಾದ ಅಲೆಗಳ ಮೊತ್ತವಾಗಿ ಬರೆಯಬಹುದೆಂಬ ಅವನ ವಿಚಾರ ಇಂದು ಚಿತ್ರಗಳಿಗೂ ಅಡಿಪಾಯ. ಪುಟದ ಒಟ್ಟಾರೆ ಬಿಳುಪು ಸೊನ್ನೆ ಫ್ರೀಕ್ವೆನ್ಸಿ. ಹಳೆಯ ಕಾಗದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನಿಧಾನವಾಗಿ ಹಳದಿಗೆ ತಿರುಗಿದ್ದರೆ ಅದು ತೀರ ಕಡಿಮೆ ಫ್ರೀಕ್ವೆನ್ಸಿ. ಅಕ್ಷರಗಳ ದುಂಡು ಮೈ ನಡುವಿನದು. ಅಕ್ಷರದ ಅಂಚು, ‘ಧ’ದ ಗೀರು, ‘ಠ’ದ ಚುಕ್ಕೆ ಇವೆಲ್ಲ ಹೆಚ್ಚಿನ ಫ್ರೀಕ್ವೆನ್ಸಿಯವು. ಚಿತ್ರ ಮಸುಕಾದಾಗ ಎಲ್ಲವೂ ಸಮನಾಗಿ ಹಾಳಾಗುವುದಿಲ್ಲ. ಮೇಲಿನ ಫ್ರೀಕ್ವೆನ್ಸಿಗಳು ಮೊದಲು ಸಾಯುತ್ತವೆ. ‘ದ’ ಉಳಿದು ಅದರ ಗೀರು ಮಾತ್ರ ಹೋಗಿದ್ದು ಅದಕ್ಕೇ.

ಲೆಕ್ಕಕ್ಕೆ ಒಂದು ಸಂಖ್ಯೆ ಇಟ್ಟುಕೊಳ್ಳೋಣ. ಗೀರಿನ ಅಗಲ 0.15 ಮಿಲಿಮೀಟರ್, ಅದರ ಪಕ್ಕದ ಬಿಳಿ ಇನ್ನೊಂದು 0.15 ಮಿಲಿಮೀಟರ್ ಎನ್ನೋಣ. ಒಂದು ಆವರ್ತಕ್ಕೆ 0.3 ಮಿಲಿಮೀಟರ್. ಅಂದರೆ ಪ್ರತಿ ಮಿಲಿಮೀಟರಿಗೆ 3.33 ಆವರ್ತ. ಒಂಟಿ ಗೀರು ಒಂದೇ ಫ್ರೀಕ್ವೆನ್ಸಿಯಿಂದ ಆಗಿರುವುದಿಲ್ಲ, ಅದು ಒಂದು ಹರವಿನ ಮೇಲೆ ಹರಡಿಕೊಂಡಿರುತ್ತದೆ. ಆದರೂ ಕೆಲಸದ ಅಂದಾಜಿಗೆ ಈ 3.33 ಸಾಕು. ಈ ಒಂದು ಗೀರನ್ನೇ ಹಿಡಿದುಕೊಂಡು ಮುಂದಕ್ಕೆ ಹೋಗುತ್ತೇನೆ.

ಪ್ರತಿ ಯಾವುದಕ್ಕೆ?

ಫ್ರೀಕ್ವೆನ್ಸಿಯ ಸಂಖ್ಯೆ ಕಂಡಾಗಲೆಲ್ಲ ಕೇಳಬೇಕಾದ ಮೊದಲ ಪ್ರಶ್ನೆ ಇದು. ಪ್ರತಿ ಮಿಲಿಮೀಟರಿಗೋ, ಪ್ರತಿ ಪಿಕ್ಸೆಲ್‌ಗೋ, ಪ್ರತಿ ಡಿಗ್ರಿಗೋ? ಗೀರು ಅದೇ, ಸಂಖ್ಯೆ ಬೇರೆ ಬೇರೆ.

ಕಾಗದದ ಮೇಲೆ ನಮ್ಮ ಗೀರು ಮಿಲಿಮೀಟರಿಗೆ 3.33 ಆವರ್ತ. ಇದು ವಸ್ತುವಿನ ಗುಣ. ಯಾವ ಸ್ಕ್ಯಾನರ್ ತಂದರೂ ಬದಲಾಗದು.

ಈಗ 300 ಡಿಪಿಐಯಲ್ಲಿ, ಅಂದರೆ ಇಂಚಿಗೆ 300 ಪಿಕ್ಸೆಲ್ ಬರುವಂತೆ, ಸ್ಕ್ಯಾನ್ ಮಾಡಿ. ಇಂಚಿಗೆ 25.4 ಮಿಲಿಮೀಟರ್, ಆದ್ದರಿಂದ ಮಿಲಿಮೀಟರಿಗೆ 11.8 ಪಿಕ್ಸೆಲ್. 3.33ನ್ನು 11.8ರಿಂದ ಭಾಗಿಸಿದರೆ ಪ್ರತಿ ಪಿಕ್ಸೆಲ್‌ಗೆ 0.28 ಆವರ್ತ. ಅದೇ ಪುಟವನ್ನು 600 ಡಿಪಿಐಯಲ್ಲಿ ತೆಗೆದರೆ 0.14. ಪ್ರೋಗ್ರಾಮಿನೊಳಗೆ ಕೂತವನಿಗೆ ಮಿಲಿಮೀಟರ್ ಕಾಣುವುದಿಲ್ಲ, ಅವನಿಗೆ ಪಿಕ್ಸೆಲ್ ಮಾತ್ರ ಗೊತ್ತು. ಹಾಗಾಗಿ ಫಿಲ್ಟರ್ (ಕೆಲವು ಫ್ರೀಕ್ವೆನ್ಸಿಗಳನ್ನು ಉಳಿಸಿ ಕೆಲವನ್ನು ತಗ್ಗಿಸುವ ಕೋಡ್) ಬರೆಯುವವರು ಆವರ್ತ ಪ್ರತಿ ಪಿಕ್ಸೆಲ್ ಎಂದೇ ಮಾತಾಡುತ್ತಾರೆ. ಇನ್ನು ಕೆಲವು ಪುಸ್ತಕಗಳು, ಸಾಫ್ಟ್‌ವೇರ್‌ಗಳು ಆವರ್ತದ ಬದಲು ರೇಡಿಯನ್ ಬಳಸುತ್ತವೆ. ಒಂದು ಆವರ್ತಕ್ಕೆ 2π ರೇಡಿಯನ್, ಆಗ ನಮ್ಮ 0.28 ಸುಮಾರು 1.77 ಆಗುತ್ತದೆ. ಬೇರೆಯವರ ಫಿಲ್ಟರ್ ಕೋಡ್ ತಂದು ಹಾಕಿದಾಗ ಚಿತ್ರ ವಿಚಿತ್ರವಾಗಿ ಮಸುಕಾದರೆ ನಾನು ಮೊದಲು ಹುಡುಕುವುದು ಕೈತಪ್ಪಿದ 2πಯನ್ನೇ.

ಕಣ್ಣಿಗೆ ಮಿಲಿಮೀಟರೂ ಲೆಕ್ಕಕ್ಕಿಲ್ಲ, ಪಿಕ್ಸೆಲ್ಲೂ ಇಲ್ಲ. ಅದಕ್ಕೆ ಮುಖ್ಯವಾದದ್ದು ಕೋನ. ಪುಟವನ್ನು 30 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಒಂದು ಡಿಗ್ರಿ ಕೋನದಲ್ಲಿ ಕಾಗದದ ಸುಮಾರು 5.24 ಮಿಲಿಮೀಟರ್ ಅಡಗುತ್ತದೆ. ಆದ್ದರಿಂದ ಗೀರಿನ ಫ್ರೀಕ್ವೆನ್ಸಿ ಡಿಗ್ರಿಗೆ ಸುಮಾರು 17.5 ಆವರ್ತ. ಕಣ್ಣಿನ ಡಾಕ್ಟರು ‘6/6’ ಎಂದು ಬರೆಯುತ್ತಾರಲ್ಲ, ಆ ಸಾಲಿನ ಅಕ್ಷರದ ಒಂದೊಂದು ಗೆರೆಯೂ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. ಗೆರೆ, ಪಕ್ಕದ ಖಾಲಿ ಸೇರಿ ಒಂದು ಆವರ್ತಕ್ಕೆ ಎರಡು ಭಾಗ. ಅಂದರೆ 6/6 ದೃಷ್ಟಿ ಎಂದರೆ ಡಿಗ್ರಿಗೆ 30 ಆವರ್ತ. ನಮ್ಮ 17.5 ಅದರೊಳಗೆ ಇದೆ, ಹಾಗಾಗಿ ‘ಧನ’ ಓದಬಹುದು. ಅದೇ ಪುಟವನ್ನು 52 ಸೆಂಟಿಮೀಟರ್ ದೂರಕ್ಕೆ ಒಯ್ದರೆ ಗೀರು ಡಿಗ್ರಿಗೆ 30 ಆವರ್ತ ಮುಟ್ಟುತ್ತದೆ. ಅಲ್ಲಿಂದಾಚೆಗೆ 6/6 ಕಣ್ಣಿಗೂ ಅನುಮಾನ ಶುರು. ಮುದ್ರಣದವರು 300 ಡಿಪಿಐ ಎನ್ನುವುದೂ ಇಲ್ಲಿಗೇ ಬಂದು ಕೂಡುತ್ತದೆ: 30 ಸೆಂಟಿಮೀಟರ್ ದೂರದಲ್ಲಿ ಡಿಗ್ರಿಯ ಅರವತ್ತನೇ ಒಂದು ಭಾಗ ಎಂದರೆ 0.087 ಮಿಲಿಮೀಟರ್, ಅಂಥವು ಇಂಚಿಗೆ ಸುಮಾರು 291.

ಇನ್ನೊಂದು ಗೊಂದಲವನ್ನು ಇಲ್ಲೇ ಬಿಡಿಸುವುದು ಒಳ್ಳೆಯದು. ಲೆನ್ಸ್ ಪರೀಕ್ಷೆ ಮಾಡುವವರು ‘ಮಿಲಿಮೀಟರಿಗೆ ಇಷ್ಟು ಲೈನ್ ಪೇರ್’ ಎನ್ನುತ್ತಾರೆ. ಲೈನ್ ಪೇರ್ ಎಂದರೆ ಕಪ್ಪು, ಬಿಳಿ ಗೆರೆಗಳ ಜೋಡಿ, ಅಂದರೆ ನಮ್ಮ ಒಂದು ಆವರ್ತ. ಆದರೆ ಟಿವಿಯವರು ಹಿಂದಿನಿಂದಲೂ ಕಪ್ಪನ್ನೂ ಬಿಳಿಯನ್ನೂ ಬೇರೆ ಬೇರೆ ಲೈನ್ ಎಂದು ಎಣಿಸುತ್ತ ಬಂದಿದ್ದಾರೆ. ಅವರ 800 ಲೈನ್ ಎಂದರೆ 400 ಆವರ್ತ. ಅದೂ ಮಿಲಿಮೀಟರಿಗಲ್ಲ, ಇಡೀ ಚಿತ್ರದ ಎತ್ತರಕ್ಕೆ. ಸಿಟಿ ಸ್ಕ್ಯಾನ್ ಯಂತ್ರಗಳ ವಿವರದಲ್ಲಿ ಸೆಂಟಿಮೀಟರಿಗೆ ಲೈನ್ ಪೇರ್ ಎಂದಿರುತ್ತದೆ, ಎಕ್ಸ್‌ರೇ ಫಲಕಗಳ ವಿವರದಲ್ಲಿ ಮಿಲಿಮೀಟರಿಗೆ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವವರು ಹತ್ತು ಪಟ್ಟು ತಪ್ಪುತ್ತಾರೆ.

ಎರಡು ಪಿಕ್ಸೆಲ್‌ನ ಎಲ್ಲೆ

ಒಂದು ಆವರ್ತದಲ್ಲಿ ಒಂದು ಕಪ್ಪು, ಒಂದು ಬಿಳಿ ಇದೆ. ಕಪ್ಪಿಗೊಂದು, ಬಿಳಿಗೊಂದು ಎಂದು ಕನಿಷ್ಠ ಎರಡು ಪಿಕ್ಸೆಲ್ ಆದರೂ ಬೇಕು. ಆದ್ದರಿಂದ ಪ್ರತಿ ಪಿಕ್ಸೆಲ್‌ಗೆ 0.5 ಆವರ್ತ ಎಂಬುದೇ ಡಿಜಿಟಲ್ ಚಿತ್ರದ ಗಡಿ. 1928ರಲ್ಲಿ ಟೆಲಿಗ್ರಾಫ್ ಸಂಕೇತಗಳ ಬಗ್ಗೆ ಬರೆದ ಹ್ಯಾರಿ ನೈಕ್ವಿಸ್ಟ್ ಹೆಸರು ಈ ಗಡಿಗೆ ಬಂದಿದೆ. 1949ರಲ್ಲಿ ಕ್ಲಾಡ್ ಶಾನನ್ ಇದಕ್ಕೆ ಗಟ್ಟಿಯಾದ ಗಣಿತದ ರೂಪ ಕೊಟ್ಟ. ಚಿತ್ರ ದೊಡ್ಡದಿರಲಿ, ಚಿಕ್ಕದಿರಲಿ, ಉಪಗ್ರಹದ್ದಿರಲಿ, ಸೂಕ್ಷ್ಮದರ್ಶಕದ್ದಿರಲಿ, ಪಿಕ್ಸೆಲ್ ಲೆಕ್ಕದಲ್ಲಿ ಗಡಿ 0.5ರಲ್ಲೇ ಇರುತ್ತದೆ. ಮಿಲಿಮೀಟರ್ ಲೆಕ್ಕಕ್ಕೆ ಬಂದಾಗ ಮಾತ್ರ ಸ್ಕ್ಯಾನರಿಗೆ ತಕ್ಕಂತೆ ಬದಲಾಗುತ್ತದೆ.

100 ಡಿಪಿಐಯಲ್ಲಿ ಗಡಿ ಮಿಲಿಮೀಟರಿಗೆ 1.97 ಆವರ್ತ. ನಮ್ಮ ಗೀರು 3.33. ಉಳಿಯುವ ಮಾತೇ ಇಲ್ಲ. 150ರಲ್ಲಿ 2.95, ಆಗಲೂ ಇಲ್ಲ. 200ರಲ್ಲಿ 3.94, ಲೆಕ್ಕಕ್ಕೆ ಗೀರು ಒಳಗೆ ಬಂತು. ಆದರೆ ಗಡಿಯ ಹತ್ತಿರ ಬದುಕು ಕಷ್ಟ. ಗೀರು ಸರಿಯಾಗಿ ಒಂದು ಪಿಕ್ಸೆಲ್ ಮೇಲೆ ಬಿದ್ದರೆ ಕಪ್ಪಾಗಿ ಕಾಣುತ್ತದೆ, ಎರಡು ಪಿಕ್ಸೆಲ್‌ಗಳ ನಡುವೆ ಅರ್ಧರ್ಧ ಬಿದ್ದರೆ ಎರಡೂ ಬೂದು. ಒಂದೇ ಪುಟದಲ್ಲಿ ಒಂದು ‘ಧ’ ಸರಿಯಾಗಿ, ಮುಂದಿನ ಸಾಲಿನ ‘ಧ’ ತಪ್ಪಾಗಿ ಕಾಣುವುದಕ್ಕೆ ಇದು ಕಾರಣ. 300 ಡಿಪಿಐಗೆ ಹೋದರೆ ಗಡಿ 5.9ಕ್ಕೆ ಏರಿ ಗೀರಿಗೆ ಉಸಿರಾಡಲು ಜಾಗ ಸಿಗುತ್ತದೆ. ಅಕ್ಷರ ಗುರುತಿಸುವ ಓಸಿಆರ್ ಸಾಫ್ಟ್‌ವೇರ್‌ಗಳಿಗೆ 300 ಡಿಪಿಐ ಕೊಡಿ ಎಂದು ಹೇಳುವುದು ಬರಿಯ ರೂಢಿಯಲ್ಲ.

ಗಡಿ ದಾಟಿದ ಫ್ರೀಕ್ವೆನ್ಸಿ ಸುಮ್ಮನೆ ಮಾಯವಾಗಿದ್ದರೆ ಅಷ್ಟು ತೊಂದರೆ ಇರಲಿಲ್ಲ. ಅದು ವೇಷ ಬದಲಿಸಿ ಮತ್ತೆ ಬರುತ್ತದೆ. ಪಿಕ್ಸೆಲ್‌ಗೆ 0.7 ಆವರ್ತ ಇದ್ದದ್ದು ಚಿತ್ರದಲ್ಲಿ 0.3 ಆಗಿ ಕಾಣುತ್ತದೆ, 0.9 ಇದ್ದದ್ದು 0.1 ಆಗಿ. ಇದೇ ಅಲಿಯಾಸಿಂಗ್. ಸಣ್ಣ ಗೆರೆಯ ಸೀರೆಯೋ ಸೊಳ್ಳೆ ಪರದೆಯೋ ಫೋಟೋದಲ್ಲಿ ಬಂದಾಗ, ಅಲ್ಲಿ ಇಲ್ಲದ ಅಗಲವಾದ ಅಲೆಗಳು ಕಾಣುತ್ತವಲ್ಲ, ಆ ಮ್ವಾರೆ ಮಾದರಿಗಳು ಹುಟ್ಟುವುದು ಹೀಗೆ. ಹಳೆಯ ಪತ್ರಿಕೆಗಳನ್ನು ಡಿಜಿಟಲ್ ಮಾಡುವವರಿಗೆ ಇದು ದಿನನಿತ್ಯದ ಕಾಟ. ಪತ್ರಿಕೆಯ ಫೋಟೋ ಚುಕ್ಕೆಗಳಿಂದಾಗಿದ್ದು, ಇಂಚಿಗೆ 85 ಸಾಲು ಚುಕ್ಕೆ ಇರುವುದು ಸಾಮಾನ್ಯ. ಆ ಸಾಲುಗಳು ಪುಟಕ್ಕೆ ನೇರವಾಗಿವೆ ಎಂದುಕೊಳ್ಳಿ. 100 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದರೆ 100ರಿಂದ 85 ಕಳೆದು ಇಂಚಿಗೆ 15 ಆವರ್ತದ ಸುಳ್ಳು ಅಲೆ ಹುಟ್ಟುತ್ತದೆ. ಸುಮಾರು 1.7 ಮಿಲಿಮೀಟರಿಗೊಮ್ಮೆ ಒಂದು ಪಟ್ಟೆ. ಯಾರದೋ ಮುಖದ ಮೇಲೆ, ಅಲ್ಲಿ ಎಂದೂ ಇಲ್ಲದ ಪಟ್ಟೆ.

ಒಮ್ಮೆ ಒಳಗೆ ಬಂದ ಸುಳ್ಳನ್ನು ಆಮೇಲೆ ತೆಗೆಯಲು ಆಗುವುದಿಲ್ಲ. 0.3 ಎಂಬುದು ನಿಜವಾದ 0.3ವೋ, 0.7ರ ವೇಷವೋ ಎಂದು ಹೇಳುವ ಗುರುತು ಪಿಕ್ಸೆಲ್‌ಗಳಲ್ಲಿ ಉಳಿದಿರುವುದಿಲ್ಲ. ಆದ್ದರಿಂದ ಮಾದರಿ ತೆಗೆಯುವ, ಅಂದರೆ ಚಿತ್ರವನ್ನು ಪಿಕ್ಸೆಲ್‌ಗಳಾಗಿ ಅಳೆದುಕೊಳ್ಳುವ, ಮೊದಲೇ ಗಡಿಯಾಚೆಯದನ್ನು ಮಸುಕು ಮಾಡಬೇಕು. ಅನೇಕ ಕ್ಯಾಮೆರಾಗಳಲ್ಲಿ ಸೆನ್ಸರಿನ ಮುಂದೆ ಇದಕ್ಕೆಂದೇ ಒಂದು ತೆಳು ಫಿಲ್ಟರ್ ಇರುತ್ತದೆ. ಚಿತ್ರವನ್ನು ಕುಗ್ಗಿಸುವಾಗಲೂ ಇದೇ ನಿಯಮ: ಮೊದಲು ಮಸುಕು ಮಾಡಿ, ಆಮೇಲೆ ಕುಗ್ಗಿಸಿ. ಎರಡು ಬಿಟ್ಟು ಮೂರನೆಯ ಪಿಕ್ಸೆಲ್ ಎತ್ತಿಕೊಳ್ಳುವ ಅವಸರದ ಕೋಡ್ ಬರೆದರೆ ಅಕ್ಷರಗಳು ಹಲ್ಲು ಬಿದ್ದ ಬಾಚಣಿಗೆಯಂತಾಗುತ್ತವೆ.

ಪಿಕ್ಸೆಲ್ ಇದ್ದೂ ಇಲ್ಲದ ಗೀರು

ಪಿಕ್ಸೆಲ್ ಎಣಿಕೆ ಅರ್ಧ ಉತ್ತರ ಎಂದು ಮೊದಲೇ ಹೇಳಿದೆ. ಉಳಿದರ್ಧ ಲೆನ್ಸಿನದು. ಕಾಗದದ ಮೇಲೆ ಅಚ್ಚ ಕಪ್ಪು ಬಿಳಿಯಾಗಿರುವ ಗೆರೆಗಳನ್ನು ಲೆನ್ಸ್ ಸೆನ್ಸರಿನ ಮೇಲೆ ಮೂಡಿಸುವಾಗ ಕಪ್ಪು ಸ್ವಲ್ಪ ಬೂದಾಗುತ್ತದೆ, ಬಿಳಿಯೂ ಬೂದಾಗುತ್ತದೆ. ಫ್ರೀಕ್ವೆನ್ಸಿ ಏರಿದಂತೆ ಇವೆರಡರ ಅಂತರ ಕುಗ್ಗುತ್ತದೆ. ಯಾವ ಫ್ರೀಕ್ವೆನ್ಸಿಗೆ ಎಷ್ಟು ಕಾಂಟ್ರಾಸ್ಟ್ ಉಳಿಯಿತು ಎಂದು ಹೇಳುವ ಗ್ರಾಫಿನ ಗೆರೆಯೇ ಎಂಟಿಎಫ್. ನನ್ನ ಮಟ್ಟಿಗೆ ರೆಸಲ್ಯೂಷನ್ ಎಂಬ ಪದಕ್ಕೆ ಪ್ರಾಮಾಣಿಕವಾದ ಅರ್ಥ ಸಿಗುವುದು ಇಲ್ಲಿಯೇ. ಎಷ್ಟು ಪಿಕ್ಸೆಲ್ ಎಂದಲ್ಲ, ಯಾವ ಫ್ರೀಕ್ವೆನ್ಸಿಯವರೆಗೆ ಓದಬಲ್ಲಷ್ಟು ಕಾಂಟ್ರಾಸ್ಟ್ ಬದುಕಿದೆ ಎಂದು.

ದೋಷವೇ ಇಲ್ಲದ ಲೆನ್ಸಿಗೂ ಬೆಳಕು ಒಂದು ಮಿತಿ ಹಾಕುತ್ತದೆ. ಬೆಳಕಿನ ತರಂಗದೂರವನ್ನು ಅಪರ್ಚರಿನ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯ) ಎಫ್ ಸಂಖ್ಯೆಯಿಂದ (ಇದು ಹೆಚ್ಚಾದಷ್ಟೂ ಕಿಂಡಿ ಕಿರಿದು) ಗುಣಿಸಿ, ಒಂದನ್ನು ಅದರಿಂದ ಭಾಗಿಸಿದರೆ ಸಿಗುವ ಫ್ರೀಕ್ವೆನ್ಸಿಯಾಚೆಗೆ ಏನೂ ದಾಟುವುದಿಲ್ಲ. ಹಸಿರು ಬೆಳಕಿಗೆ 0.00055 ಮಿಲಿಮೀಟರ್ ಹಿಡಿಯಿರಿ. ಎಫ್ 8ಕ್ಕೆ ಮಿಲಿಮೀಟರಿಗೆ 227 ಆವರ್ತ, ಎಫ್ 16ಕ್ಕೆ 114. ಇದು ಕಾಗದದ ಮೇಲಿನ ಮಿಲಿಮೀಟರ್ ಅಲ್ಲ, ಸೆನ್ಸರಿನ ಮೇಲಿನದು ಎಂಬುದು ನೆನಪಿರಲಿ. ಸೆನ್ಸರಿನ ಪಿಕ್ಸೆಲ್ 4 ಮೈಕ್ರಾನ್ (0.004 ಮಿಲಿಮೀಟರ್) ಆಗಿದ್ದರೆ ಅದರ ನೈಕ್ವಿಸ್ಟ್ ಗಡಿ ಮಿಲಿಮೀಟರಿಗೆ 125 ಆವರ್ತ. ಅಂಥ ಕ್ಯಾಮೆರಾದಲ್ಲಿ ಎಲ್ಲವೂ ಫೋಕಸಿನಲ್ಲಿರಲಿ ಎಂದು ಎಫ್ 16 ಇಟ್ಟು ಪುಟದ ಫೋಟೋ ತೆಗೆದರೆ ಪಿಕ್ಸೆಲ್ ಹಿಡಿಯಬಲ್ಲದ್ದನ್ನು ಲೆನ್ಸ್ ತಲುಪಿಸುವುದೇ ಇಲ್ಲ. ಮಿತಿಯ ಅರ್ಧದಲ್ಲೇ ಕಾಂಟ್ರಾಸ್ಟ್ ಶೇ. 39ಕ್ಕೆ ಇಳಿದಿರುತ್ತದೆ. ಪುಸ್ತಕದ ಪುಟಗಳನ್ನು ಕ್ಯಾಮೆರಾದಲ್ಲಿ ತೆಗೆಯುವವರಿಗೆ ಪುಟ ಚಪ್ಪಟೆಯಾಗಿ ಕೂರಿಸಿ ಎಫ್ 5.6ರಿಂದ 8ರೊಳಗೆ ಇರಿ ಎನ್ನುತ್ತೇನೆ.

ಸ್ಕ್ಯಾನರ್ ಪೆಟ್ಟಿಗೆಯ ಮೇಲೆ ಬರೆದ ಡಿಪಿಐ ಸಂಖ್ಯೆಯನ್ನೂ ಹೀಗೆಯೇ ಓದಬೇಕು. ‘ಆಪ್ಟಿಕಲ್’ ಎಂದಿರುವುದು ಸೆನ್ಸರ್ ನಿಜವಾಗಿ ತೆಗೆಯುವ ಮಾದರಿಗಳ ಎಣಿಕೆ. ‘ಇಂಟರ್ಪೊಲೇಟೆಡ್’ ಎಂದು ದೊಡ್ಡದಾಗಿ ಬರೆದದ್ದು ಆಮೇಲೆ ಸಾಫ್ಟ್‌ವೇರ್ ತುಂಬಿಸಿದ ಪಿಕ್ಸೆಲ್‌ಗಳದು, ಅದರಲ್ಲಿ ಹೊಸ ಗೀರು ಒಂದೂ ಇಲ್ಲ.

ಉಪಗ್ರಹದ ಚಿತ್ರಗಳಿಗೂ ಇದೇ ಲೆಕ್ಕ. ಇಸ್ರೋ 2019ರ ನವೆಂಬರ್ 27ರಂದು ಹಾರಿಸಿದ ಕಾರ್ಟೊಸ್ಯಾಟ್-3ರ ಕಪ್ಪುಬಿಳುಪು ಕ್ಯಾಮೆರಾಗೆ ನೆಲದ ಮೇಲೆ ಒಂದು ಪಿಕ್ಸೆಲ್ ಎಂದರೆ 0.25 ಮೀಟರ್. ಹಾಗಾದರೆ ಕಾಲು ಮೀಟರಿನ ವಸ್ತು ಗುರುತಿಸಬಹುದೇ? ಇಲ್ಲ. ಗಡಿ ಮೀಟರಿಗೆ 2 ಆವರ್ತ. ಅರ್ಧ ಮೀಟರ್ ಅಗಲದ ಬಿಳಿ ಪಟ್ಟೆ, ಅಷ್ಟೇ ಅಗಲದ ಡಾಂಬರು ಇರುವ ಜೀಬ್ರಾ ಕ್ರಾಸಿಂಗ್ ಮೀಟರಿಗೆ 1 ಆವರ್ತ, ಅದು ಪಟ್ಟೆಪಟ್ಟೆಯಾಗಿ ಕಾಣಬೇಕು. ಬಣ್ಣದ ಕ್ಯಾಮೆರಾದ ಪಿಕ್ಸೆಲ್ 1.13 ಮೀಟರ್, ಅದರ ಗಡಿ ಮೀಟರಿಗೆ 0.44 ಆವರ್ತ. ಅದೇ ಕ್ರಾಸಿಂಗ್ ಅಲ್ಲಿ ಬೂದು ತೇಪೆ. ಸುಮಾರು 509 ಕಿಲೋಮೀಟರ್ ಎತ್ತರದಿಂದ ಕಾಲು ಮೀಟರ್ ಎಂದರೆ ಡಿಗ್ರಿಯ ಸುಮಾರು 36,000ನೇ ಒಂದು ಭಾಗ. 6/6 ಕಣ್ಣು ಬಿಡಿಸಬಲ್ಲ ಗೆರೆಗಿಂತ ಸುಮಾರು 600 ಪಟ್ಟು ಸಣ್ಣದು. ಬರೆಯುವಾಗ ಪ್ರತಿ ಸಲವೂ ನನಗೆ ರೋಮಾಂಚನವಾಗುವ ಸಂಖ್ಯೆ ಇದು.

ಏಳುನೂರನೆಯ ಕೋಶ

ಎಫ್‌ಎಫ್‌ಟಿ (ಚಿತ್ರವನ್ನು ಅದರ ಫ್ರೀಕ್ವೆನ್ಸಿಗಳಾಗಿ ಬಿಡಿಸಿಕೊಡುವ ಲೆಕ್ಕ) ಹಾಕಿ ನೋಡುವ ವಿದ್ಯಾರ್ಥಿಗಳಿಗೆ ಈಗ ಒಂದು ಮಾತು. ಎಫ್‌ಎಫ್‌ಟಿ ಮಿಲಿಮೀಟರನ್ನೂ ಹೇಳದು, ಡಿಗ್ರಿಯನ್ನೂ ಹೇಳದು. 0, 1, 2, 3 ಎಂದು ಕೋಶಗಳ ಸಾಲು ಕೊಡುತ್ತದೆ. ಕೋಶದ ಸಂಖ್ಯೆಯ ಅರ್ಥ ಸರಳ: ಚಿತ್ರದ ಇಡೀ ಅಗಲದಲ್ಲಿ ಎಷ್ಟು ಆವರ್ತ ಹಿಡಿದವು ಎಂಬುದು. ಎ4 ಪುಟದ ಅಗಲ 210 ಮಿಲಿಮೀಟರ್. ಮಿಲಿಮೀಟರಿಗೆ 3.33 ಆವರ್ತ ಎಂದರೆ ಪುಟದ ಅಗಲಕ್ಕೆ 700. ನಮ್ಮ ಗೀರು 700ನೇ ಕೋಶದ ಸುತ್ತ ಇರುತ್ತದೆ. 300 ಡಿಪಿಐಯಲ್ಲಿ ಪುಟ 2480 ಪಿಕ್ಸೆಲ್ ಅಗಲ. 700ನ್ನು 2480ರಿಂದ ಭಾಗಿಸಿದರೆ ಮತ್ತೆ ಅದೇ 0.28. ಗಡಿ 1240ನೇ ಕೋಶದಲ್ಲಿ.

600 ಡಿಪಿಐಗೆ ಹೋದರೆ ಪಿಕ್ಸೆಲ್ 4960 ಆಗುತ್ತವೆ, ಗಡಿ 2480ಕ್ಕೆ ಓಡುತ್ತದೆ. ಆದರೆ ಗೀರು 700ರಲ್ಲೇ ಕೂತಿರುತ್ತದೆ, ಪುಟ ಅದೇ ಆದ್ದರಿಂದ. ಪುಟದ ಅರ್ಧ ಅಗಲವನ್ನಷ್ಟೇ ಕತ್ತರಿಸಿಕೊಂಡರೆ ಮಾತ್ರ ಅದು 350ಕ್ಕೆ ಇಳಿಯುತ್ತದೆ. ಮಾದರಿ ಒತ್ತಾದಷ್ಟೂ ಗಡಿ ದೂರ ಹೋಗುತ್ತದೆ, ಚಿತ್ರ ಅಗಲವಾದಷ್ಟೂ ಕೋಶಗಳ ನಡುವಿನ ಅಂತರ ಕಿರಿದಾಗುತ್ತದೆ. ಇವೆರಡೂ ‘ರೆಸಲ್ಯೂಷನ್’ ಎಂಬ ಒಂದೇ ಹೆಸರಿನಲ್ಲಿ ಓಡಾಡುತ್ತವೆ, ಅದೇ ದೊಡ್ಡ ಗೊಂದಲ. ಒಂದು ಚಿತ್ರದ ರೆಸಲ್ಯೂಷನ್, ಇನ್ನೊಂದು ಫ್ರೀಕ್ವೆನ್ಸಿಯ ರೆಸಲ್ಯೂಷನ್. ಎ4ಗೆ ಎರಡನೆಯದು 210ರಲ್ಲಿ ಒಂದು, ಅಂದರೆ ಮಿಲಿಮೀಟರಿಗೆ 0.0048 ಆವರ್ತ. ಚಿತ್ರದ ಸುತ್ತ ಸೊನ್ನೆ ತುಂಬಿಸಿ ಕೋಶ ಹೆಚ್ಚಿಸಿದರೆ ಗ್ರಾಫ್ ನಯವಾಗುತ್ತದೆ, ಮಾಹಿತಿ ಹೆಚ್ಚುವುದಿಲ್ಲ.

ಜೆಪೆಗ್ ಕೂಡ ಇದೇ ಬಗೆಯ ಕೆಲಸ ಮಾಡುತ್ತದೆ, 8 ಪಿಕ್ಸೆಲ್ ಉದ್ದ, 8 ಪಿಕ್ಸೆಲ್ ಅಗಲದ ಚೌಕಗಳಲ್ಲಿ. ಪ್ರತಿ ದಿಕ್ಕಿಗೂ 0ಯಿಂದ 7ರವರೆಗೆ ಮೆಟ್ಟಿಲು, ಒಂದೊಂದು ಮೆಟ್ಟಿಲಿಗೂ ಚೌಕದ ಅಗಲದಲ್ಲಿ ಅರ್ಧ ಆವರ್ತ ಹೆಚ್ಚು. 300 ಡಿಪಿಐಯಲ್ಲಿ ನಮ್ಮ ಗೀರು 4 ಮತ್ತು 5ರ ನಡುವೆ ಬೀಳುತ್ತದೆ. ಫೈಲು ಚಿಕ್ಕದಾಗಲಿ ಎಂದು ಗುಣಮಟ್ಟ ಇಳಿಸಿದಾಗ ಮೇಲಿನ ಮೆಟ್ಟಿಲುಗಳಿಗೆ ಮೊದಲು ಕತ್ತರಿ. ಚೆನ್ನಾಗಿ ಸ್ಕ್ಯಾನ್ ಮಾಡಿದ ಪುಟ ಮೊಬೈಲಿನಿಂದ ಮೊಬೈಲಿಗೆ ಸಾಗುತ್ತ ಕುಗ್ಗಿ, ಒತ್ತಿ, ಕೊನೆಗೆ ‘ಧನ’ ‘ದನ’ವಾಗುವುದು ಹೀಗೆ.

ಹೀಗೆ ಕಳೆದದ್ದನ್ನು ಮರಳಿ ತರುತ್ತೇವೆ ಎನ್ನುವ ಎಐ ಸಾಧನಗಳು ಈಗ ಬಂದಿವೆ. ಮುಖದ ಫೋಟೋಗೆ ಅವು ಚೆಂದ. ಹಳೆಯ ಪಠ್ಯದ ವಿಷಯದಲ್ಲಿ ನನಗೆ ಅವುಗಳ ಭಯವಿದೆ. ಗಡಿಯಾಚೆಯ ಫ್ರೀಕ್ವೆನ್ಸಿ ಆ ಫೈಲಿನಲ್ಲಿ ಇಲ್ಲವೇ ಇಲ್ಲ. ಸಾಧನ ತಾನು ಕಲಿತ ಲಕ್ಷಾಂತರ ಅಕ್ಷರಗಳ ನೆನಪಿನಿಂದ ಒಂದು ಗೀರು ಎಳೆಯುತ್ತದೆ, ಇಲ್ಲವೇ ಎಳೆಯದೆ ಬಿಡುತ್ತದೆ. ಎರಡೂ ಅಷ್ಟೇ ಚೊಕ್ಕವಾಗಿ ಕಾಣುತ್ತವೆ. ಮಸುಕು ಪುಟ ಕನಿಷ್ಠ ಓದುಗನಲ್ಲಿ ಅನುಮಾನ ಹುಟ್ಟಿಸುತ್ತದೆ. ಚೊಕ್ಕವಾದ ತಪ್ಪು ಅನುಮಾನವನ್ನೂ ಉಳಿಸುವುದಿಲ್ಲ.

ಮನೆಯಲ್ಲಿ ಅಜ್ಜನ ಕಾಲದ ಪುಸ್ತಕ, ಪತ್ರಿಕೆ ಇದ್ದು ಸ್ಕ್ಯಾನ್ ಮಾಡಲು ಹೊರಟವರು ಮೊದಲು ಅಡಿಟಿಪ್ಪಣಿ ನೋಡಿ. ದೊಡ್ಡ ಅಕ್ಷರದ ತಲೆಬರಹ ನೋಡಿ ಡಿಪಿಐ ನಿರ್ಧರಿಸಬೇಡಿ. ಅಡಿಟಿಪ್ಪಣಿಯ ಗೀರು 0.1 ಮಿಲಿಮೀಟರ್ ಇದ್ದರೆ ಮಿಲಿಮೀಟರಿಗೆ 5 ಆವರ್ತ, 300 ಡಿಪಿಐಯಲ್ಲಿ ಅದು ಪಿಕ್ಸೆಲ್‌ಗೆ 0.42, ಗಡಿಗೆ ತೀರ ಹತ್ತಿರ. 600 ಇಡಿ, 0.21ಕ್ಕೆ ಇಳಿಯುತ್ತದೆ. ಜೆಪೆಗ್ ಬೇಡ, ನಷ್ಟವಿಲ್ಲದ ಟಿಫ್ ಆಗಿ ಒಂದು ಪ್ರತಿ ಉಳಿಸಿ. ಒಂದು ಪುಟ ಸ್ಕ್ಯಾನ್ ಮಾಡಿ ಮುಗಿದ ಮೇಲೆ ಅದರಲ್ಲೊಂದು ‘ಧ’, ಒಂದು ‘ಠ’, ಒಂದು ‘ಷ’ ಹುಡುಕಿ, ಪರದೆಯ ಮೇಲೆ ದೊಡ್ಡದು ಮಾಡಿ. ಗೀರು, ಚುಕ್ಕೆ, ಎಳೆ ಮೂರೂ ಇದ್ದರೆ ಮುಂದಿನ ಪುಟ ತಿರುವಿ.